ಮದಾಮ್ ಲೂಸಿಯ ಮೂರನೇ ಗಂಡ

ಮದಾಮ್ ಲೂಸಿಯ ಮೂರನೇ ಗಂಡನನ್ನು ಶಿವಶಂಕರಪ್ಪ ಸಿಂಹದ ಬಾಯಿಗೆ ಹಾಕುವ ಹೊತ್ತಿಗೆ ಸರಿಯಾಗಿ ಒಬ್ಬಳು ಅಮೆರಿಕನ್ ಅಜ್ಜಿ ಸಭೆಯೊಳಗೆ ಬಂದಳು.

ಬಂದವಳೇ ಕೈ ಎತ್ತಿದಳು. ಕೈಯಲ್ಲಿ ಫೋನು, ಫೋನಿನಲ್ಲೊಂದು ಫೋಟೋ. ಬಾಗಿಲಲ್ಲಿದ್ದ ಗೌರಮ್ಮ "ಪ್ಲೀಸ್ ಸಿಟ್, ಕ್ವೆಶ್ಚನ್ಸ್ ಲೇಟರ್" ಎಂದು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೇಸರಿಬಾತಿನ ತಟ್ಟೆ ಕೊಟ್ಟಳು.

ಶಿವಶಂಕರಪ್ಪ ಅರ್ಧ ವಾಕ್ಯದಲ್ಲೇ ತಡವರಿಸಿದ. ಮೂಕಿ ಚಿತ್ರಗಳ ಕಾಲದ ಫ್ರೆಂಚ್ ನಿರ್ದೇಶಕಿ ಮದಾಮ್ ಲೂಸಿಯ ಬದುಕಿನ ಬಗ್ಗೆ ಭಾಷಣ ಮಾಡಿ ಎಂದು ನ್ಯೂಜೆರ್ಸಿಯ ಹೋಬೋಕನ್ನಿನ ಕನ್ನಡ ಬಳಗ ಕೇಳಿಕೊಂಡಿತ್ತು. ಆತನಿಗೆ ಗೊತ್ತಿದ್ದುದು ಇಷ್ಟೇ: ಆಕೆ ಪ್ಯಾರಿಸ್ಸಿನಲ್ಲಿ ಕ್ಯಾಮೆರಾ ಹಿಡಿದಳು, ಹಡಗು ಹತ್ತಿ ಬಂದು ಇದೇ ನ್ಯೂಜೆರ್ಸಿಯಲ್ಲಿ ಸ್ಟುಡಿಯೋ ಕಟ್ಟಿದಳು. ಭಾಷಣ ಗೆದ್ದರೆ ಮುಂದಿನ ವರ್ಷದ ಅಧ್ಯಕ್ಷಗಿರಿ ಕೈಗೆ ಬಂದಂತೆಯೇ. ನೂರು ವರ್ಷದ ಹಿಂದಿನ ಮಾತು, ಯಾರಪ್ಪ ಕೇಳುತ್ತಾರೆ ಎಂದು ಮಹಾರಾಯ ಧಾರಾಳವಾಗಿ ರೀಲು ಬಿಟ್ಟಿದ್ದ.

ಜನ ತಲೆದೂಗುತ್ತಿದ್ದರು. ಅಜ್ಜಿ ಮಾತ್ರ ಲೊಚಗುಟ್ಟುತ್ತಿದ್ದಳು.

ಶಿವಶಂಕರಪ್ಪ ಮೈಕಿಗೆ ಕೈ ಅಡ್ಡ ಹಿಡಿದು, ಪಕ್ಕದಲ್ಲಿದ್ದ ಕಾರ್ಯದರ್ಶಿ ವೀರೇಂದ್ರನನ್ನು ಕೇಳಿದ. "ಯಾರಪ್ಪ ಈಕೆ?"

"ಇದೇ ಸ್ಟ್ರೀಟಿನವರಂತೆ ಸರ್. ತುಂಬಾ ಅರ್ಜೆಂಟ್ ಅಂತೆ. ಪ್ರೂಫಿಗೆ ಫೋಟೋನೂ ತಂದಿದಾರೆ."

ಇನ್ನೇನು ಅನುಮಾನ? ಲೂಸಿಯ ಮೊಮ್ಮಗಳೋ ಮರಿಮಗಳೋ ಇರಬೇಕು. ಅವಳಿಗೆ ಕನ್ನಡ ಬಾರದಿದ್ದರೇನು, ಶಿವಶಂಕರಪ್ಪನ ಕನ್ನಡದಲ್ಲಿ 'ಥರ್ಡ್ ಹಸ್ಬೆಂಡ್', 'ಲಯನ್', 'ಫಿನಿಶ್' ಎಲ್ಲ ಇಂಗ್ಲಿಷಿನಲ್ಲೇ ಇದ್ದವಲ್ಲ.

ಗಡಿಬಿಡಿಯಲ್ಲಿ ಗಂಡನನ್ನು ಸಿಂಹದ ಬಾಯಿಂದ ಜೀವಸಹಿತ ಹೊರಗೆಳೆದ. ಅಜ್ಜಿ ಮತ್ತೆ ಕೈ ಎತ್ತಿದಳು. ಎರಡನೇ ಮದುವೆಯನ್ನೇ ರದ್ದು ಮಾಡಿದ. ಅಜ್ಜಿ ತಟ್ಟೆ ಕೆಳಗಿಟ್ಟು ಎದ್ದು ನಿಂತಳು.

ಅವಳು ಬಾಯಿ ತೆರೆಯುವ ಮೊದಲೇ ಶಿವಶಂಕರಪ್ಪ ಮೈಕು ಹಿಡಿದುಕೊಂಡ.

"ತಪ್ಪಾಯ್ತು. ಲಯನ್ನೂ ಇರ್ಲಿಲ್ಲ, ಮೂರು ಜನ ಗಂಡಂದಿರೂ ಇರ್ಲಿಲ್ಲ. ಎಲ್ಲಾ ನಾನೇ ಕಟ್ಟಿದ್ದು. ಆಕೆ ಮೊಮ್ಮಗಳ ಎದುರಿಗೇ ಸುಳ್ಳು ಹೇಳೋಕೆ ನನ್ನ ಕೈಲಿ ಆಗಲ್ಲ."

ಸನ್ಮಾನಕ್ಕೆಂದು ಬಿಚ್ಚಿಟ್ಟಿದ್ದ ಶಾಲನ್ನು ಗೌರಮ್ಮ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅಧ್ಯಕ್ಷಗಿರಿ ಹಡ್ಸನ್ ನದಿಯ ಪಾಲಾಯಿತು. ವೀರೇಂದ್ರ ತಲೆ ತಗ್ಗಿಸಿಕೊಂಡೇ ಹೋಗಿ ಅಜ್ಜಿಯ ಕೈಗೆ ಮೈಕು ಕೊಟ್ಟ.

"ನಿಮ್ಮ ಸ್ವೀಟ್ ಬಹಳ ಚೆನ್ನಾಗಿತ್ತು" ಎಂದಳು ಅಜ್ಜಿ ಇಂಗ್ಲಿಷಿನಲ್ಲಿ, ಫೋಟೋವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು. "ಈ ಬೂದು ಕಾರು ಯಾರದು? ನನ್ನ ಗ್ಯಾರೇಜಿಗೆ ಅಡ್ಡ ನಿಂತಿದೆ."