ಖಾಜಿಯ ಮೂರನೆಯ ಪ್ರಶ್ನೆ

ಶೂಶಾನ್‌ಳ ಬಾಯಿಂದ ಮುಸಲ್ಮಾನಳಾಗುವ ಕಲಿಮಾ ಹೊರಬಿದ್ದದ್ದೇ ತಡ, ಖಾಜಿಯ ನ್ಯಾಯಾಲಯದ ಅಂಗಳದಲ್ಲಿ ಅತ್ತೆಯ ಗೋಳು ಶುರುವಾಯಿತು. ತನಗಾಗಿ ಇವಳು ಇಷ್ಟು ಅಳುತ್ತಾಳೆಯೇ? ಇಷ್ಟು ವರ್ಷ ಸೊಸೆಯನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವಳು!

"ಇನ್ನು ನಿನ್ನ ಹೆಸರು ರಾಬಿಯಾ ಕಣಮ್ಮ," ಅಂದರು ಖಾಜಿ. "ನಿನ್ನ ಗಂಡನ್ನ ಮೂರು ಸಲ ಕೇಳ್ತೀನಿ. ಅವನೂ ಮುಸಲ್ಮಾನನಾದ್ರೆ ಮದುವೆ ಉಳಿಯುತ್ತೆ. ಒಪ್ಪದಿದ್ರೆ ಇವತ್ತೇ ನಿನಗೆ ಬಿಡುಗಡೆ."

ಕೈಸೇರಿ ಊರಿನ ಅರ್ಮೇನಿಯನ್ ಕ್ರೈಸ್ತ ಹೆಂಗಸರಿಗೆಲ್ಲ ಗೊತ್ತಿದ್ದ ದಾರಿ ಇದು. ತುರ್ಕಿ ಸುಲ್ತಾನರ ಕಾಯಿದೆಯಲ್ಲಿ ಅವರವರ ಮದುವೆಗೆ ಅವರವರ ಪಾದ್ರಿಯೇ ದಿಕ್ಕು. ಪಾದ್ರಿ ಹಾಕಿದ ಗಂಟನ್ನು ಪಾದ್ರಿ ಬಿಚ್ಚುವುದಿಲ್ಲ, ಖಾಜಿ ಬಿಚ್ಚುತ್ತಾನೆ.

ಗಂಡ ತೋರೋಸ್ ಕುಡಿಯುವವನಲ್ಲ, ಹೊಡೆಯುವವನಲ್ಲ. ಅದೇ ಅವಳನ್ನು ಚುಚ್ಚುತ್ತಿತ್ತು. ತಪ್ಪೆಲ್ಲ ಅವಳದೇ. ಕುದುರೆ ಜೀನು ಹೊಲಿಯುವ ಇಲ್ಯಾಸನ ಮೇಲೆ ಮನಸ್ಸು ಹೋಗಿತ್ತು. ತೋರೋಸನೋ, ಹಿಮ ಬೀಳಲಿ ಬಿಡಲಿ, ಬೆಳಗಿನ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಹಾಜರು. ಉಪವಾಸದ ದಿನಗಳಲ್ಲಿ ಎಣ್ಣೆಯನ್ನೂ ಮುಟ್ಟದವನು. ತಲೆ ಹೋದರೂ ಧರ್ಮ ಬಿಡುವವನಲ್ಲ. ಅವನ ಆ ಭಕ್ತಿಯನ್ನೇ ನೆಚ್ಚಿಕೊಂಡು ಅವಳು ಇಲ್ಲಿಗೆ ಬಂದಿದ್ದಳು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಅಲ್ಲವೇ?

ಅವನನ್ನು ಒಳಗೆ ಕರೆತಂದರು. ಒಗೆದ ಅಂಗಿ. ಕೊರಳಲ್ಲಿ ಶಿಲುಬೆಯಿಲ್ಲ. ಖಾಜಿಗೆ ಹೆದರಿ ಮನೆಯಲ್ಲೇ ಬಿಟ್ಟು ಬಂದನೇನೋ, ಪಾಪ, ಎಂದುಕೊಂಡಳು.

"ತೋರೋಸ್, ನಮ್ಮ ಧರ್ಮಕ್ಕೆ ಬರ್ತೀಯೇನಪ್ಪ?"

ಅವನು ಹೆಂಡತಿಯನ್ನೇ ನೋಡುತ್ತ ನಿಂತ.

ಖಾಜಿ ಮತ್ತೆ ಕೇಳಿದರು. ತೋರೋಸನ ತುಟಿ ಮಾತ್ರ ಅಲುಗಿತು. ತನ್ನ ದೇವರಿಗೆ ಮೊರೆಯಿಡುತ್ತಿದ್ದಾನೆ ಎಂದುಕೊಂಡಳು ಶೂಶಾನ್.

"ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯೇನಯ್ಯ?" ಗುಮಾಸ್ತ ಗದರಿದ. "ಹೂಂ ಅನ್ನು, ಇಲ್ಲ ಉಹೂಂ ಅನ್ನು. ಹೊರಗೆ ಜನ ಕಾಯ್ತಿದ್ದಾರೆ."

ತೋರೋಸ್ ಮೆಲ್ಲಗೆ ಕೇಳಿದ, "ಶೂಶಾನ್, ನೀನು ಇನ್ನು ವಾಪಸ್ ಬರೋ ಹಾಗಿಲ್ಲ, ಅಲ್ವಾ?"

"ಇಲ್ಲ." ಕಲಿಮಾ ಹೇಳಿ ಹಿಂದೆ ಸರಿದವರಿಗೆ ತಲೆದಂಡ, ಅದು ಊರಿಗೆಲ್ಲ ಗೊತ್ತು. "ನಾನು ಪಾಪಿ. ನನ್ನ ಕ್ಷಮಿಸಿಬಿಡಿ."

"ಗಂಡ ಹೆಂಡ್ತಿ ಮಧ್ಯೆ ಕ್ಷಮೆ ಏನು ಬಂತು, ಬಿಡು."

ಖಾಜಿ ಮೂರನೆಯ ಸಲ ಕೇಳಿದರು. ಶೂಶಾನ್ ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಮಾತು, ಅಷ್ಟೇ. ಆಮೇಲೆ ಇಲ್ಯಾಸ್, ಆಮೇಲೆ ಹೊಸ ಮನೆ. ಈ ಒಳ್ಳೆಯವನ ಶಾಪ ಮಾತ್ರ ತಟ್ಟದಿದ್ದರೆ ಸಾಕು.

ಒಂದಕ್ಷರ ತಪ್ಪದೆ ಕಲಿಮಾ ಹೇಳಿ ಮುಗಿಸಿದ ತೋರೋಸ್ ಅವಳ ಕೈ ಹಿಡಿದುಕೊಂಡ: "ನಡಿ, ಮನೆಗೆ ಹೋಗೋಣ. ನೀನಿಲ್ಲದ ಸ್ವರ್ಗ ತಗೊಂಡು ನಾನೇನು ಮಾಡ್ಲಿ?"