ಎಡಬಲದ ಜೋಡಿ

“ಇದು ನಿಮ್ಮ ಗಾಡಿಗೆ ಕೂರುತ್ತೆ ಅಂತ ಯಾವ ತಲೆಕೆಟ್ಟವನು ಹೇಳಿದ?”

ಮೇಸ್ತ್ರಿ ಕೈಯಲ್ಲಿದ್ದ ಸ್ಟ್ರಟ್ಟನ್ನು ಸಿಮೆಂಟು ನೆಲಕ್ಕೆ ಕುಕ್ಕಿದ. ಸ್ಪ್ರಿಂಗು ಝಣ್ಣೆಂದಿತು. ಎದುರಿಗಿದ್ದ ಹೆಂಗಸು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಗೊತ್ತಿರುವ ಮೆಕ್ಯಾನಿಕ್ ಒಬ್ಬರು ಹೇಳಿದರು ಎಂದಳು.

ಅವಳದು ಹದಿನೈದು ವರ್ಷದ ಡೀಸೆಲ್ ಕಾರು. ಸಣ್ಣ ಗುಂಡಿ ಸಿಕ್ಕರೂ ಮುಂದಿನ ಚಕ್ರಗಳು ದಡಲ್ ಎನ್ನುತ್ತಿದ್ದವು. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾಗಿರುವ ಆ ಸ್ಟ್ರಟ್ಟುಗಳನ್ನು ಕಂಪನಿ ಈಗ ತಯಾರಿಸುವುದಿಲ್ಲ. ಅದೇ ಮಾದರಿಯ ಪೆಟ್ರೋಲ್ ಕಾರಿನದನ್ನು ಹಾಕಿದರೂ ನಡೆಯುತ್ತದೆ, ಬೋಲ್ಟಿನ ತೂತುಗಳು ಸರಿಯಾಗಿ ಹೊಂದುತ್ತವೆ ಎಂದು ಆ ಮೆಕ್ಯಾನಿಕ್ ಅಂದರಂತೆ. ರಾಶಿಯಿಂದ ಅವಳೇ ಒಂದನ್ನು ಎಳೆದು ತಂದಿದ್ದಳು.

ಹಳೆಯ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಆ ಶೆಡ್ಡಿನಲ್ಲಿ ಮೇಸ್ತ್ರಿ ಗಿರಾಕಿಗಾಗಿ ಎದ್ದು ನಿಂತವನೇ ಅಲ್ಲ. ಕೇಳಿದರೆ ಮಂಡಿ ನೋವು ಎನ್ನುವನು. ಕುರ್ಚಿಯಿಂದಲೇ ರಾಶಿಯತ್ತ ಬೆರಳು ತೋರಿಸುವನು, ಹುಡುಕಿಕೊಂಡವರಿಗೆ ಸಿಕ್ಕಿದಷ್ಟು. ಇವತ್ತು ಮಾತ್ರ ಪೆಟ್ರೋಲಿನದೂ ಆಗುತ್ತದೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕುರ್ಚಿ ಹಿಂದಕ್ಕೆ ಉರುಳುವ ಹಾಗೆ ಎದ್ದಿದ್ದ.

“ತೂತು ಹೊಂದಿದರೆ ಆಯ್ತಾ? ಡೀಸೆಲ್ ಇಂಜಿನ್ನಿನ ಭಾರ ಎಷ್ಟು ಗೊತ್ತಾ? ಈ ಸ್ಪ್ರಿಂಗು ಅದರ ಕೆಳಗೆ ಕುಸಿದು ಕೂರುತ್ತೆ. ತಿರುವಿನಲ್ಲಿ ಗಾಡಿ ವಾಲುತ್ತೆ. ಆಮೇಲೆ ಆಸ್ಪತ್ರೇಲಿ ಮಲಗಿ ತೂತು ಎಣಿಸಿ.”

ಅವಳು ಕೈಚೀಲದಿಂದ ಸಣ್ಣ ಪುಸ್ತಕ ತೆಗೆದು ಅವನ ಮಾತನ್ನು ಬರೆದುಕೊಂಡಳು.

ಮೇಸ್ತ್ರಿಯ ಹುಬ್ಬು ಗಂಟಿಕ್ಕಿತು. ಬಂದಾಗಿನಿಂದ ಇವಳು ಬೆಲೆ ಕೇಳಿಲ್ಲ. ಗೋಡೆ, ಕಪಾಟು, ಅವನ ಮುಖ, ಎಲ್ಲವನ್ನೂ ನೋಡುತ್ತಿದ್ದಾಳೆ. ಪಕ್ಕದ ಬೀದಿಯ ಅಂಗಡಿಯವನು ಸರಕು ನೋಡಿಕೊಂಡು ಬಾ ಎಂದು ಕಳಿಸಿರಬೇಕು. ಕಳಿಸಲಿ. ಸರಿಯಾದ ಮಾಲು ಎಂದರೇನು ಎಂದು ಅವನೂ ತಿಳಿಯಲಿ.

ಏಣಿ ಹತ್ತಿದ. ಮೊದಲು ಸಿಕ್ಕ ಜೋಡಿಯಲ್ಲಿ ಬ್ರೇಕಿನ ಪೈಪು ಹಿಡಿಯುವ ಕೊಂಡಿ ಎರಡರಲ್ಲೂ ಒಂದೇ ಕಡೆಗಿತ್ತು, ಎರಡೂ ಎಡಗಡೆಯವು. ಎಸೆದ. ಎರಡನೆಯ ಜೋಡಿಯ ಸರಳಿನ ಮೇಲೆ ತುಕ್ಕಿನ ಚುಕ್ಕೆ, ಕೆಳಗೆ ಎಣ್ಣೆಯ ಜಿಡ್ಡು. ಅದೂ ಹೋಯಿತು. ಮೂರನೆಯದು ಕಣ್ಣಿಗೆ ಚೆನ್ನಾಗಿಯೇ ಇತ್ತು. ಅಳತೆ ಹಿಡಿದರೆ ಒಂದರ ಸ್ಪ್ರಿಂಗು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತೆಳು. ಇದೇ ಸಾಕಲ್ಲವೇ ಎಂದಳು ಅವಳು. ಅವನು ಬಾಯಿಗೆ ಬಂದ ಬೈಗುಳವನ್ನು ನುಂಗಿ, ಆ ಜೋಡಿಯನ್ನು ಬಾಗಿಲಾಚೆಗೇ ಎಸೆದ.

ಶೆಡ್ಡಿನ ಹಿಂದೆ ಹಿಂದಿನ ದಿನವಷ್ಟೇ ಬಂದ ಡೀಸೆಲ್ ಕಾರೊಂದಿತ್ತು. ಅದೇ ಮಾದರಿ, ಅದೇ ವರ್ಷ. ಹಿಂಭಾಗ ಮಾತ್ರ ಅಪ್ಪಚ್ಚಿ. ಮೇಸ್ತ್ರಿ ಮಂಡಿಯೂರಿದ. ಮಂಡಿ ಚುರುಕ್ಕೆಂದಾಗ ಆ ಮೆಕ್ಯಾನಿಕ್ಕಿನ ವಂಶವನ್ನೆಲ್ಲ ಬೈದ. ಅವಳು ತುಟಿ ಕಚ್ಚಿಕೊಂಡು ಬೇರೆ ಕಡೆ ತಿರುಗಿದಳು.

“ಅವರು ಈಗ ಇಂಜಿನ್ ಕೆಲಸ ಮಾತ್ರ ಮಾಡ್ತಾರೆ,” ಎಂದಳು. “ಚಕ್ರದ ಕಡೆ ಕೈಯೇ ಹಾಕಲ್ಲ.”

“ಕೈ ಹಾಕಲ್ಲ, ಬಾಯಿ ಯಾಕೆ ಹಾಕ್ತಾನೆ?”

ಬೋಲ್ಟು ಸಡಿಲಿಸುತ್ತ ಅವನು ತಡೆಯಲಾರದೆ ಹೇಳಿಬಿಟ್ಟ. ಹನ್ನೊಂದು ವರ್ಷದ ಹಿಂದೆ ಅವನ ಒಡಹುಟ್ಟಿದ ತಮ್ಮನೇ ಇದೇ ಶೆಡ್ಡಿನಲ್ಲಿ ಒಂದು ಡೀಸೆಲ್ ಟ್ಯಾಕ್ಸಿಗೆ ಪೆಟ್ರೋಲಿನ ಸ್ಟ್ರಟ್ಟು ಹಾಕಿದ್ದ. ಮೂರನೇ ದಿನ ಟ್ಯಾಕ್ಸಿ ತಿರುವಿನಲ್ಲಿ ಗೋಡೆಗೆ ಬಡಿಯಿತು. ಚಾಲಕನ ಕಾಲು ಇವತ್ತಿಗೂ ನೆಟ್ಟಗಾಗಿಲ್ಲ. ಮೇಸ್ತ್ರಿ ಎಲ್ಲರೆದುರು ತಮ್ಮನ ಕೆನ್ನೆಗೆ ಹೊಡೆದು, ಅವನ ಪೆಟ್ಟಿಗೆಯನ್ನು ಬೀದಿಗೆಸೆದಿದ್ದ. ಅಂದಿನಿಂದ ಮುಖ ನೋಡಿಲ್ಲ. ಕಾಗದ ಬಂದರೆ ಒಡೆಯದೆ ಹಳೇ ಆಯಿಲ್ ಡ್ರಮ್ಮಿಗೆ.

“ಆಮೇಲೆ ಅವರು ಕಲಿತಿರಬಹುದಲ್ಲ?” ಎಂದಳು ಹೆಂಗಸು.

“ಕಲಿಯೋ ತಲೆ ಅಲ್ಲ ಅದು.”

ಅವಳು ಪುಸ್ತಕ ಮುಚ್ಚಿದಳು. ಇದನ್ನು ಬರೆದುಕೊಳ್ಳಲಿಲ್ಲ.

ಎರಡೂ ಸ್ಟ್ರಟ್ಟು ಹೊರಬಂದವು. ಒಂದು ಎಡ, ಒಂದು ಬಲ. ಸ್ಪ್ರಿಂಗುಗಳ ದಪ್ಪ ಒಂದೇ, ಎತ್ತರ ಒಂದೇ. ಸ್ಪ್ರಿಂಗು ಕಳಚಿ, ಮೈಭಾರವನ್ನೆಲ್ಲ ಬಿಟ್ಟು ಸರಳನ್ನು ಒತ್ತಿದ. ನಿಧಾನವಾಗಿ ಇಳಿಯಿತು, ನಿಧಾನವಾಗಿ ಏರಿತು. ಇನ್ನೊಂದೂ ಹಾಗೆಯೇ. ಅವಳ ಕಾರಿಗೆ ತಾನೇ ಕೂರಿಸಲು ಹೊರಟ. ಅದರ ಹಿಂದಿನ ಸೀಟಿನ ಕೆಳಗೆ ಅಂಗೈ ಅಗಲದ ಚಪ್ಪಲಿಯೊಂದು ಬಿದ್ದಿತ್ತು. ಇಷ್ಟು ಸಣ್ಣ ಮಗು ಕೂರುವ ಗಾಡಿಗೆ ಆ ಪಾಪಿ ಏನು ಹಾಕಿಸಹೊರಟಿದ್ದ ಎಂದು ನೆನೆದು ಮತ್ತೆ ರಕ್ತ ಕುದಿಯಿತು. ಪ್ರತಿ ಬೋಲ್ಟನ್ನೂ ಎರಡೆರಡು ಸಲ ಬಿಗಿದ. ಗುಂಡಿಗಳಿದ್ದ ರಸ್ತೆಯಲ್ಲೇ ಒಂದು ಸುತ್ತು ಓಡಿಸಿ ತಂದ. ದಡಲ್ ಎಂಬ ಸದ್ದು ಮಾಯವಾಗಿತ್ತು. ಚಕ್ರಗಳ ಅಲೈನ್‌ಮೆಂಟು ಇವತ್ತೇ ಮಾಡಿಸಬೇಕು ಎಂದು ಗದರಿದ.

ಅವನು ಹೇಳಿದಷ್ಟು ಹಣ ಕೊಟ್ಟು ಅವಳು ಸ್ಟೀರಿಂಗಿನ ಮುಂದೆ ಕೂತು ಇಂಜಿನ್ ಚಾಲೂ ಮಾಡಿದಳು. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕಿಟಕಿಗೆ ಅಡ್ಡ ನಿಂತ.

“ಆ ಮೆಕ್ಯಾನಿಕ್ ಎಲ್ಲಿರ್ತಾನೆ ಹೇಳಿ. ನಾನೇ ಹೋಗಿ ಕೆನ್ನೆಗೆ ಬಾರಿಸಿ ಬರ್ತೀನಿ.”

ಅವಳು ಇಂಜಿನ್ ಆರಿಸಿದಳು. ಪುಸ್ತಕದಿಂದ ಒಂದು ಹಾಳೆ ಹರಿದು, ವಿಳಾಸ ಬರೆದು, ಅವನ ಜಿಡ್ಡುಗೈಯಲ್ಲಿಟ್ಟಳು.

“‘ಪೆಟ್ರೋಲಿನದು ಕೂರುತ್ತೆ ಅನ್ನು, ಸಿಟ್ಟು ಬಂದರೆ ಅಣ್ಣ ತಾನೇ ಎದ್ದು ಆರಿಸ್ತಾನೆ, ಮಗು ಕೂರೋ ಗಾಡಿಗೆ ಬೇರೆ ಯಾರ ಕೈಯೂ ಬೇಡ’ ಅಂತ ಹೇಳಿಕೊಟ್ಟು ಕಳಿಸಿದ್ದೇ ಅವರು, ಹೊಡೆಯೋದಕ್ಕಾದರೂ ಒಂದು ಸಲ ಮನೆಗೆ ಬನ್ನಿ, ಭಾವ.”