ಮುಚ್ಚಳದ ರಬ್ಬರು

ಚಿಕ್ಕಂದಿನಲ್ಲಿ ಅಪ್ಪನ ಗ್ಯಾರೇಜಿನ ಜಾಡಿಯನ್ನು ಮೂಗಿಗೆ ಹಿಡಿದರೆ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಉಳಿದ ಬ್ರೇಕ್ ಆಯಿಲನ್ನೆಲ್ಲ ಅಪ್ಪ ಅದರಲ್ಲೇ ಕೂಡಿಡುತ್ತಿದ್ದರು. ಈಗ ಅದೇ ಜಾಡಿಯಿಂದ ಎಂಜಿನ್ ಆಯಿಲಿನ ವಾಸನೆ ಬಂತು. ತಂಗಿ ಜಾಡಿಯನ್ನು ಕೆಳಗಿಟ್ಟು ಅಣ್ಣನ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡಳು.

“ಹೋದ ವಾರ ಬ್ರೇಕಿಗೆ ಇದನ್ನೇ ಹಾಕಿದ್ಯಾ?”

“ಅಪ್ಪ ಹಾಕ್ತಿದ್ದದ್ದೂ ಇದನ್ನೇ. ಕೀಲಿ ಕೊಡು. ಹೆಂಡ್ತಿ, ಮಗು ಮನೇಲಿ ಕಾಯ್ತಿದಾರೆ. ಕತ್ತಲಾಗೋದ್ರೊಳಗೆ ಬೆಟ್ಟ ಇಳೀಬೇಕು.”

“ಇದಕ್ಕೆ ಯಾರೋ ಎಂಜಿನ್ ಆಯಿಲ್ ಸುರಿದಿದಾರೆ.”

“ಯಾರೋ ಅಂದ್ರೆ ನಾನೇ ಅಂತ ತಾನೆ ನಿನ್ನ ಅರ್ಥ? ಗ್ಯಾರೇಜಲ್ಲಿ ಅರ್ಧ ಪಾಲು ಸಿಕ್ತು, ಇನ್ನು ನನ್ನ ಕಾರಿನ ಯಜಮಾನಿಕೆಯೂ ಬೇಕಾ ನಿಂಗೆ? ಎಲ್ಲದಕ್ಕೂ ಮೂಗು ತೂರಿಸ್ಬೇಡ.”

ಅವಳು ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿ ಅವನ ಅಂಗೈ ಮೇಲಿಟ್ಟಳು. “ಸರಿಯಾಗಿ ಮುಚ್ಚಿ ತೋರ್ಸು. ಕೀಲಿ ಕೊಡ್ತೀನಿ.”

ಮುಚ್ಚಳದೊಳಗಿನ ರಬ್ಬರು ಎಂಜಿನ್ ಆಯಿಲ್ ಕುಡಿದು, ಏಟು ತಿಂದ ತುಟಿಯಂತೆ ಊದಿಕೊಂಡಿತ್ತು. ಅವನು ಒತ್ತಿದ, ಅದು ಹೊರಗೆ ಬಂತು. ಬೆರಳಿನಿಂದ ಒಳಗೆ ತುರುಕಿದ, ಮತ್ತೆ ಬಂತು. ಚಕ್ರಗಳ ಬಳಿ ಬ್ರೇಕಿನೊಳಗೂ ಇಂಥದೇ ರಬ್ಬರು ಇದೆ, ಅದೂ ಊದಿದರೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನೂ ಅದೇ ಗ್ಯಾರೇಜಿನಲ್ಲಿ ಬೆಳೆದವನು. ಅವನ ಕೈ ನಿಂತಿತು.

ಅವಳು ಸೀಲ್ ಒಡೆಯದ ಹೊಸ ಬ್ರೇಕ್ ಆಯಿಲ್ ಡಬ್ಬಿಯನ್ನು ಅವನ ಪಕ್ಕದಲ್ಲಿಟ್ಟು, ಕಾರಿಗೆ ಜಾಕ್ ಕೊಟ್ಟು ಚಕ್ರ ಬಿಚ್ಚತೊಡಗಿದಳು. ಅವನು ಹಿಂದಿನ ಸೀಟಿನತ್ತ ಹೋದ. ದಾರಿಗೆಂದು ಕಟ್ಟಿಟ್ಟಿದ್ದ ಬುತ್ತಿಯನ್ನು ತಂದು ಅವಳ ಕೈಗೆ ಕೊಟ್ಟ.